ಸರ್ಜಾಪುರ ರೋಡಿಗೆ ಸ್ಟೇಜ್ 3 ಕ್ಲಚ್ ಯಾಕೆ ಗುರು?

ನಮ್ಮ ಕ್ಯಾಂಪಸ್ ಪಾರ್ಕಿಂಗ್‌ನಲ್ಲಿ ಹಳೇ ಸ್ವಿಫ್ಟ್ ಡೀಸೆಲ್‌ಗಳದ್ದೇ ಹವಾ. 2020ರಲ್ಲಿ ಬಿಎಸ್ 6 ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು, ಇಸಿಯು ರೀಮ್ಯಾಪ್ ಮಾಡಿಸೋದು ರೂಢಿ. ರೀಮ್ಯಾಪ್ ಆದಮೇಲೆ ಕೆಲವು ಗಾಡಿಗಳಲ್ಲಿ ಒಂದು ಕಾಯಿಲೆ ಶುರುವಾಗುತ್ತೆ: ನಾಲ್ಕನೇ ಗೇರಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಒತ್ತಿದರೆ ಆರ್‌ಪಿಎಂ ಏರುತ್ತೆ, ಸ್ಪೀಡ್ ಏರಲ್ಲ. ಕ್ಲಚ್ ಜಾರುತ್ತಿದೆ ಅಂತ ಅರ್ಥ. ಆಗ ಎಲ್ಲರೂ ಕೇಳೋದು, "ಮಗಾ, ಸ್ಟೇಜ್ 2 ಹಾಕಿಸ್ಲಾ, ಸ್ಟೇಜ್ 3 ಹಾಕಿಸ್ಲಾ?"

ಈ ಪ್ರಶ್ನೆಯಲ್ಲೇ ಎಡವಟ್ಟಿದೆ. 'ಸ್ಟೇಜ್' ಅನ್ನೋದಕ್ಕೆ ಯಾವ ಸ್ಟ್ಯಾಂಡರ್ಡೂ ಇಲ್ಲ, ಒಂದೊಂದು ಕಂಪನಿಗೆ ಒಂದೊಂದು ಅರ್ಥ. ಕೇಳಬೇಕಾದ್ದು ಎರಡೇ: ನನ್ನ ಟಾರ್ಕ್ ಎಷ್ಟು? ನಾನು ಓಡಿಸೋ ರಸ್ತೆ ಯಾವುದು?

ಟಾರ್ಕ್ ಲೆಕ್ಕ ನಾವು ಕ್ಲಾಸಲ್ಲಿ ಮಾಡೋದೇ. ಸಿಂಗಲ್ ಪ್ಲೇಟ್ ಕ್ಲಚ್‌ಗೆ ಎರಡು ಘರ್ಷಣೆ ಮೈ. ಕ್ಲಚ್ ಹಿಡಿಯೋ ಟಾರ್ಕ್ = 2 × ಘರ್ಷಣೆ ಗುಣಾಂಕ × ಪ್ರೆಷರ್ ಪ್ಲೇಟ್ ಬಲ × ಸರಾಸರಿ ತ್ರಿಜ್ಯ. ಉದಾಹರಣೆಗೆ ಗುಣಾಂಕ 0.3, ಬಲ 5000 ನ್ಯೂಟನ್, ತ್ರಿಜ್ಯ 82.5 ಮಿಮೀ ಅಂದ್ಕೊಳ್ಳಿ. ಬರೋದು ಸುಮಾರು 247 ನ್ಯೂಟನ್ ಮೀಟರ್. ಸ್ವಿಫ್ಟ್ ಡೀಸೆಲ್‌ನ ಕಂಪನಿ ಟಾರ್ಕ್ 190, ಆರಾಮಾಗಿ ಹಿಡಿಯುತ್ತೆ. ರೀಮ್ಯಾಪ್‌ನಿಂದ 240 ಆಯ್ತು ಅನ್ನಿ, ಮಾರ್ಜಿನ್ ಖಾಲಿ. ಬಿಸಿಯಾಗಿ ಗುಣಾಂಕ 0.25ಕ್ಕೆ ಇಳಿದರೆ 206ಕ್ಕೇ ಜಾರುತ್ತೆ.

ಈಗ ಪ್ರೆಷರ್ ಪ್ಲೇಟ್ ಬಲ ಬರೀ 20% ಜಾಸ್ತಿ ಮಾಡಿ, ಡಿಸ್ಕ್ ಮಾಮೂಲಿ ಆರ್ಗ್ಯಾನಿಕ್ಕೇ ಇರಲಿ. 297 ಸಿಗುತ್ತೆ, ಸಾಕಷ್ಟಾಯ್ತು.

ಹಾಗಾದ್ರೆ ಸೆರಾಮಿಕ್ ಪಕ್ ಡಿಸ್ಕ್ ಯಾಕೆ ಬೇಡ? ಅದು ಆರ್ಗ್ಯಾನಿಕ್‌ಗಿಂತ ಶಾಖ ಚೆನ್ನಾಗಿ ತಡೆಯುತ್ತೆ, ನಿಜ. ಆದರೆ ಅದರ ಹಿಡಿತ ಆನ್-ಆಫ್ ಸ್ವಿಚ್ ಥರ, ಹಾಫ್ ಕ್ಲಚ್‌ನಲ್ಲಿ ಗಾಡಿ ಗಡಗಡ ಅನ್ನುತ್ತೆ, ಫ್ಲೈವ್ಹೀಲ್ ಮೈಯನ್ನೂ ಬೇಗ ತಿನ್ನುತ್ತೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಒಂದು ಸಲ ಲಾಂಚ್ ಮಾಡಿದರೆ ಆಮೇಲೆ ಹಾಫ್ ಕ್ಲಚ್ ಮಾತೇ ಇಲ್ಲ. ಇಬ್ಬಲೂರಿಂದ ದೊಮ್ಮಸಂದ್ರ ದಾಟೋಷ್ಟರಲ್ಲಿ ನಾವು ಎಷ್ಟು ಸಲ ಹಾಫ್ ಕ್ಲಚ್ ಹಿಡೀತೀವಿ ಅಂತ ಎಣಿಸೋಕಾಗುತ್ತಾ? 40 ನ್ಯೂಟನ್ ಮೀಟರ್ ಟಾರ್ಕ್, 800 ಆರ್‌ಪಿಎಂ ಜಾರಿಕೆ ಇದ್ದರೆ ಆ ಹೊತ್ತಿಗೆ ಹುಟ್ಟೋ ಶಾಖ 3.3 ಕಿಲೋವ್ಯಾಟ್. ಮನೆ ಇಂಡಕ್ಷನ್ ಸ್ಟವ್‌ಗಿಂತ ಜಾಸ್ತಿ! ಇಲ್ಲಿ ಬೇಕಾದ್ದು ಮೆತ್ತಗೆ ಹಿಡಿಯೋ ಡಿಸ್ಕು, ಎಡಗಾಲಿಗೆ ನೋವು ಕೊಡದ ಪೆಡಲ್ಲು.

"ಓವರ್‌ಸ್ಪೆಕ್ ಇದ್ದರೆ ಸೇಫ್ ಅಲ್ವಾ?" ಅಂತಾರೆ. ಸೇತುವೆಗೆ ಸರಿ. ಕ್ಲಚ್ ಒಂಥರಾ ಫ್ಯೂಸ್ ಇದ್ದ ಹಾಗೆ. ಅದು ಯಾವತ್ತೂ ಜಾರದಿದ್ದರೆ ಏಟು ಹೋಗಿ ಬೀಳೋದು ಗೇರ್‌ಬಾಕ್ಸ್‌ಗೆ, ಡ್ರೈವ್ ಶಾಫ್ಟ್‌ಗೆ. ಅವುಗಳ ಬಿಲ್ ಕ್ಲಚ್‌ಗಿಂತ ದೊಡ್ಡದು, ಕಟ್ಟೋದು ಅಪ್ಪನ ದುಡ್ಡಲ್ಲಿ.

ಜೆಸಿ ರೋಡಿಗೆ ಹೋದಾಗ ಅಂಗಡಿಯವರನ್ನ ಕೇಳಿ: ಡಿಸ್ಕ್ ವ್ಯಾಸ ಎಷ್ಟು, ಸ್ಪ್ಲೈನ್ ಎಷ್ಟು, ಫೇಸಿಂಗ್ ಯಾವುದು, ಪ್ಲೇಟ್ ಬಲ ಎಷ್ಟು? "ಸ್ಟೇಜ್ 3 ಸಾರ್, ಸಖತ್ತಾಗಿದೆ" ಅನ್ನೋದೊಂದೇ ಉತ್ತರ ಆದರೆ ಮುಂದಿನ ಅಂಗಡಿ ನೋಡಿ. ಡಿಸ್ಕ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಗೇರ್‌ಬಾಕ್ಸ್ ಇಳಿಸಿದಾಗಲೇ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ನೋಡಿಸಿ. ಅಲ್ಲಿಂದ ಎಣ್ಣೆ ಸೋರಿ ಡಿಸ್ಕಿಗೆ ತಾಗಿದರೆ ಯಾವ ಸ್ಟೇಜ್ ಕ್ಲಚ್ಚೂ ನಿಲ್ಲಲ್ಲ.

ಆರ್ಡರ್ ಮಾಡೋಕೆ ಮುಂಚೆ ಕ್ಯಾಲ್ಕುಲೇಟರ್ ತೆಗೀರಿ. ಎರಡು ನಿಮಿಷದ ಕೆಲಸ, ಸೆಮಿಸ್ಟರ್ ಫೀಸ್ ಕಟ್ಟಿ ಕಲಿತಿದ್ದೇ ತಾನೆ!