ಬೇಟೆಯ ಓನಾಮ

ಮೃಗಯೆಯನ್ನು ಸಪ್ತವ್ಯಸನಗಳ ಸಾಲಿನಲ್ಲಿರಿಸಿ ಅರಸರನ್ನು ಎಚ್ಚರಿಸಿದ ನೀತಿಶಾಸ್ತ್ರಕಾರರೂ ನಮ್ಮವರೇ. ಅದನ್ನು ರಾಜೋಚಿತವಾದ ವಿನೋದಗಳಲ್ಲೊಂದೆಂದು ಬಗೆದು ಮಾನಸೋಲ್ಲಾಸದಲ್ಲಿ ಸಾವಧಾನವಾಗಿ ನಿರೂಪಿಸಿದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನೂ ನಮ್ಮವನೇ. ಈ ಎರಡು ಮತಗಳ ನಡುವಣ ವಿವಾದಕ್ಕೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಅದನ್ನು ಇನ್ನಷ್ಟು ಬಿಗಿಗೊಳಿಸಿದ 1991ರ ತಿದ್ದುಪಡಿಯೂ ತೆರೆಯೆಳೆದಿವೆ; ಇಲ್ಲಿ ಜಿಂಕೆಗೆ ಗುರಿಯಿಟ್ಟವನು ಬೇಟೆಗಾರನಲ್ಲ, ಅಪರಾಧಿ. ಆದರೆ ಅಮೆರಿಕದಲ್ಲಿ ಆ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ತಂದೆತಾತಂದಿರಲ್ಲಿ ಯಾರೂ ಕೋವಿ ಹಿಡಿಯದ ಮನೆಯ ಗುಮಾಸ್ತನೋ ಉಪಾಧ್ಯಾಯಿನಿಯೋ, ತಾನು ಉಣ್ಣುವ ಮಾಂಸವನ್ನು ತಾನೇ ಸಂಪಾದಿಸಬೇಕೆಂದು ಹೊರಟಾಗ, ಎಲ್ಲಿಂದ ತೊಡಗಬೇಕು ಎಂಬ ಸಂದೇಹ ಸಹಜವಾಗಿ ಏಳುತ್ತದೆ. ಮೇಲ್ನೋಟಕ್ಕೆ ಇದು ಬರಿಯ ಉಪಾಯದ ಪ್ರಶ್ನೆ. ಒಳಹೊಕ್ಕು ನೋಡಿದರೆ, ಕೊಲ್ಲುವ ಅಧಿಕಾರವನ್ನು ಮನುಷ್ಯನಿಗೆ ಯಾವ ಕ್ರಮದಲ್ಲಿ ಒಪ್ಪಿಸಬೇಕೆಂಬ ಧರ್ಮದ ಪ್ರಶ್ನೆ. ಅಳಿಲು, ಮೊಲಗಳಂತಹ ಅಲ್ಪಪ್ರಾಣಿಗಳಿಂದ ಆರಂಭಿಸಿ, ಜಿಂಕೆಯನ್ನು ಬಹಳ ತಡವಾಗಿ ಸಮೀಪಿಸಬೇಕೆಂಬುದು ನನ್ನ ಪಕ್ಷ.

ಜಿಂಕೆಯನ್ನು ಸಾಮಾನ್ಯನಿಗೂ ಎಟುಕುವಂತೆ ಮಾಡಿದ್ದು ಸಂಯಮವೇ ಹೊರತು ಕೋವಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪೇಟೆಗೆ ಮಾಂಸವನ್ನೂ ಚರ್ಮವನ್ನೂ ಒದಗಿಸುವ ವೃತ್ತಿಬೇಟೆಗಾರರು ಬಿಳಿಬಾಲದ ಜಿಂಕೆಯನ್ನು ಎಷ್ಟು ನಿರ್ದಯವಾಗಿ ಸವರಿದರೆಂದರೆ, 1900ರ ವೇಳೆಗೆ ಆ ವಿಶಾಲ ದೇಶದಲ್ಲೆಲ್ಲ ಉಳಿದದ್ದು ಐದು ಲಕ್ಷವನ್ನು ಮೀರಲಾರದೆಂದು ತಜ್ಞರ ಅಂದಾಜು. ಅದೇ ವರ್ಷ ಬಂದ ಲೇಸಿ ಕಾಯಿದೆ, ಅಕ್ರಮವಾಗಿ ಕೊಂದ ಪ್ರಾಣಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ನಿಷೇಧಿಸಿತು. ರಾಜ್ಯಗಳು ಬೇಟೆಯ ಮಾಂಸದ ಮಾರಾಟವನ್ನು ತಡೆದು, ಋತುವನ್ನೂ ಸಂಖ್ಯೆಯನ್ನೂ ಗೊತ್ತುಮಾಡಿದುವು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಿಂದ ರೈಫಲು, ಚರೆಕೋವಿ, ತೋಟಾಗಳ ಮೇಲಿನ, ಈಗ ಶೇಕಡಾ 11ರಷ್ಟಿರುವ ತೆರಿಗೆ ವನ್ಯಜೀವಿಗಳ ಪುನರುದ್ಧಾರಕ್ಕೆ ಮೀಸಲಾಯಿತು. ಇಂದು ಆ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ. ಈ ಕೀರ್ತಿಯನ್ನು ಬೇಟೆಗಾರರು ಸಮಗ್ರವಾಗಿ ತಮ್ಮ ತಲೆಗೇ ಕಟ್ಟಿಕೊಳ್ಳುವುದು ಮಾತ್ರ ಅತಿಶಯೋಕ್ತಿ. ಬೇಟೆಯ ಗಂಧವೇ ಇಲ್ಲದೆ ಕೋವಿ ಕೊಳ್ಳುವವರೂ ಆ ತೆರಿಗೆಯನ್ನು ತೆರುತ್ತಾರೆ. ಪಾಳುಬಿದ್ದ ಹೊಲಗಳಲ್ಲಿ ಮತ್ತೆ ಚಿಗುರಿದ ಕಾಡೂ, ತೋಳಗಳ ನಿರ್ಮೂಲನವೂ ಜಿಂಕೆಯ ಪರವಾಗಿ ನಿಂತುವು. ವಿಸ್ಕಾನ್ಸಿನ್ ರಾಜ್ಯದಲ್ಲಿ 1960ರ ಹೊತ್ತಿಗೆ ತೋಳವೇ ಇಲ್ಲವಾಗಿತ್ತು. ಅದು ಮರಳಿ ಬಂದದ್ದು ಅನಂತರ. ಮೃಗ ಅರಸನದೂ ಅಲ್ಲ, ಜಮೀನಿನ ಒಡೆಯನದೂ ಅಲ್ಲ, ಸಮಸ್ತ ಪ್ರಜೆಗಳದು ಎಂಬ ತತ್ತ್ವ ಈ ಎಲ್ಲ ವ್ಯವಸ್ಥೆಯ ತಳಹದಿ. ಹೊಸದಾಗಿ ರಹದಾರಿ ಕೊಳ್ಳುವವನು ಸಮಸ್ತರ ಸ್ವತ್ತಿನಲ್ಲಿ ಒಂದು ಪಾಲನ್ನು ಷರತ್ತಿನ ಮೇಲೆ ಪಡೆಯುತ್ತಾನೆ. ಆ ಷರತ್ತುಗಳನ್ನು ತಿಳಿಯದೆ ಕಾಡು ಹೊಗುವುದು ಅವನಿಗೆ ಒಪ್ಪುವುದಿಲ್ಲ.

ಆದಕಾರಣವೇ ಆ ದೇಶದಲ್ಲಿ ಬೇಟೆಗೆ ಪಾಠಶಾಲೆ ಉಂಟು. ನ್ಯೂಯಾರ್ಕ್ ರಾಜ್ಯ 1949ರಲ್ಲಿಯೇ ಬೇಟೆಯ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ವಿಸ್ಕಾನ್ಸಿನ್ನಿನಲ್ಲಿ 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಆ ಪ್ರಮಾಣಪತ್ರವಿಲ್ಲದೆ ಸಾಮಾನ್ಯವಾಗಿ ರಹದಾರಿ ದೊರೆಯದು. ಪ್ರತಿಯೊಂದು ಕೋವಿಯನ್ನೂ ಈಡು ತುಂಬಿದ ಕೋವಿಯೆಂದೇ ಭಾವಿಸುವುದು, ನಳಿಗೆಯನ್ನು ಸದಾ ನಿರಪಾಯವಾದ ದಿಕ್ಕಿಗೆ ಹಿಡಿಯುವುದು, ಹೊಡೆಯಲು ನಿಶ್ಚಯಿಸುವವರೆಗೆ ಬೆರಳನ್ನು ಕುದುರೆಗೆ ತಾಗಿಸದಿರುವುದು, ಗುರಿಯನ್ನೂ ಗುರಿಯ ಆಚೆ ಇರುವುದನ್ನೂ ನಿಸ್ಸಂದೇಹವಾಗಿ ಅರಿತಿರುವುದು – ಅಲ್ಲಿನ ಪಾಠದ ಸಾರ ಇಷ್ಟೆ. ಇದರಲ್ಲೇನು ಮಹಾವಿದ್ಯೆ ಎಂದು ಕೇಳುವವರು ನಮ್ಮ ಎರಡು ಇತಿಹಾಸಗಳನ್ನು ನೆನೆಯಬೇಕು. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿ ಕತ್ತಲೆಯಲ್ಲಿ ಬಾಣ ಬಿಟ್ಟ ದಶರಥ, ಮರದಡಿಯಲ್ಲಿ ಕಂಡ ಪಾದವನ್ನು ಜಿಂಕೆಯೆಂದು ಬಗೆದು ಶ್ರೀಕೃಷ್ಣನ ಅವಸಾನಕ್ಕೆ ಕಾರಣನಾದ ಜರ – ಇವರಿಬ್ಬರೂ ಧನುರ್ವಿದ್ಯೆಯಲ್ಲಿ ಅಕುಶಲರಾಗಿರಲಿಲ್ಲ. ಎಸೆದ ಬಾಣ ಗುರಿ ತಪ್ಪಲೂ ಇಲ್ಲ. ಅವರಿಗೆ ತಿಳಿಯದಿದ್ದದ್ದು ನಾಲ್ಕನೆಯ ನಿಯಮ ಮಾತ್ರ. ಇಂತಹ ಅನರ್ಥವನ್ನು ತಡೆಯಲೆಂದೇ, ಕೋವಿಯಿಂದ ಜಿಂಕೆಯ ಬೇಟೆಯಾಡುವ ದಿನಗಳಲ್ಲಿ ಸೊಂಟದ ಮೇಲಣ ಉಡುಪಿನ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದಾಗಿರಬೇಕೆಂದು ವಿಸ್ಕಾನ್ಸಿನ್ ವಿಧಿಸಿದೆ. 2016ರಿಂದ ಅಂತಹುದೇ ಗುಲಾಬಿ ಬಣ್ಣಕ್ಕೂ ಸಮ್ಮತಿಯುಂಟು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆಗಳ ಭೇದ ಸರಿಯಾಗಿ ಹೊಳೆಯದಾದುದರಿಂದ ಈ ವೇಷದಿಂದ ಬೇಟೆಗೆ ಹಾನಿಯೂ ಇಲ್ಲ.

ಆದರೆ ಪಾಠಶಾಲೆ ಕಲಿಸುವುದು ಮನುಷ್ಯರನ್ನು ಕೊಲ್ಲದಿರುವ ಬಗೆಯನ್ನು. ಕಾಡನ್ನು ಓದುವುದನ್ನು ಕಲಿಸಬೇಕಾದವರು ಬೇರೆ, ಮತ್ತು ಆ ಗುರುಪದವಿಗೆ ಅಳಿಲಿಗಿಂತ ಅರ್ಹವಾದ ಪ್ರಾಣಿಯನ್ನು ನಾನು ಕಾಣೆ. ಶರತ್ಕಾಲದಲ್ಲಿ ಓಕ್ ಮತ್ತು ಹಿಕರಿ ಮರಗಳ ಕಾಯಿ ಬಲಿತು ಉದುರುವಾಗ ಬೂದು ಅಳಿಲು ದಿನದ ಬಹುಭಾಗವನ್ನು ಅವುಗಳ ಸಂಗ್ರಹಕ್ಕೇ ಮೀಸಲಿಡುತ್ತದೆ. ಅದನ್ನು ಹುಡುಕುವವನು ಮೊದಲು ಮರಗಳನ್ನು ಗುರುತಿಸಲು ಕಲಿಯುತ್ತಾನೆ; ಕಚ್ಚಿ ಬಿಸುಟ ಸಿಪ್ಪೆಯ ಹಸಿತನದಿಂದ ಅದು ಇಂದಿನದೋ ಹಳೆಯದೋ ಎಂದು ನಿರ್ಣಯಿಸಲು ಕಲಿಯುತ್ತಾನೆ; ತಾನು ಕಾಲಿಟ್ಟೊಡನೆ ಸ್ತಬ್ಧವಾದ ಅರಣ್ಯ, ಮರಕ್ಕೊರಗಿ ಹದಿನೈದಿಪ್ಪತ್ತು ನಿಮಿಷ ಅಲುಗದೆ ಕುಳಿತಮೇಲೆ ಮತ್ತೆ ತನ್ನ ವ್ಯವಹಾರಗಳಿಗೆ ಮರಳುವುದನ್ನು ಕಂಡು, ಇದುವರೆಗೆ ತಾನು ಕಾಡೆಂದು ತಿಳಿದದ್ದು ತನ್ನ ಹೆಜ್ಜೆಗೆ ಹೆದರಿದ ಕಾಡನ್ನೇ ಎಂದು ಅರಿಯುತ್ತಾನೆ. ಕಾಂಡದ ಮರೆಯಲ್ಲಿ ಸುತ್ತಿ ಸುತ್ತಿ ತಪ್ಪಿಸಿಕೊಳ್ಳುವ ಅಳಿಲಿನ ಚಾತುರ್ಯಕ್ಕೆ ತಾಳ್ಮೆಯೊಂದೇ ಪ್ರತಿವಿಧಾನ. ಇನ್ನು, ಇಪ್ಪತ್ತೆರಡು ಕ್ಯಾಲಿಬರಿನ ಸಣ್ಣ ರೈಫಲಿನ ಗುಂಡು ಎರಡು ಕಿಲೋಮೀಟರಿನಷ್ಟು ದೂರ ಹಾರಬಲ್ಲುದು. ಬರಿಯ ಆಕಾಶವೇ ಹಿನ್ನೆಲೆಯಾದ ಕೊಂಬೆಯ ಮೇಲಣ ಅಳಿಲಿಗೆ ಅದನ್ನು ಹಾರಿಸಲಾಗದು. ಹಿಂದೆ ದಪ್ಪ ಕಾಂಡವೋ ದಿಣ್ಣೆಯೋ ಒದಗುವವರೆಗೆ ಕಾಯಬೇಕು, ಇಲ್ಲವೆ ಚರೆಕೋವಿಯನ್ನು ಹಿಡಿಯಬೇಕು. ಹೀಗೆ ಒಂದು ಬೆಳಗಿನಲ್ಲಿ ಎಷ್ಟೋ ಬಾರಿ ಕೋವಿಯೆತ್ತಿ ಎಷ್ಟೋ ಬಾರಿ ಇಳಿಸುವ ಅಭ್ಯಾಸ ಕೈಗೂಡುತ್ತದೆ. ಜಿಂಕೆಯ ಬೇಟೆಯಲ್ಲಿ ಅಂತಹ ಅವಕಾಶ ಋತುವಿಗೊಂದು ಬಂದರೆ ಭಾಗ್ಯ. ಆ ಒಂದರಲ್ಲಿ ಕಲಿಯುವುದಾದರೂ ಏನನ್ನು?

ಮೊಲದ ಪಾಠ ಇನ್ನೊಂದು ಬಗೆಯದು. ಬೀಗಲ್ ನಾಯಿಗಳು ಬೆನ್ನಟ್ಟಿದ ಮೊಲ ವೃತ್ತಾಕಾರವಾಗಿ ಓಡಿ ಹೊರಟಲ್ಲಿಗೇ ಮರಳುವುದುಂಟು. ಓಡುವ ಪ್ರಾಣಿಗೂ ಅಟ್ಟುವ ನಾಯಿಗೂ ನಡುವಣ ಅಂತರವನ್ನು ಲೆಕ್ಕಿಸದೆ ಕೋವಿಯೆತ್ತುವವನಿಗೆ ಅಲ್ಲಿ ಎಡೆಯಿಲ್ಲ. ಅದನ್ನು ಸುಲಿಯುವಾಗ ಟ್ಯುಲರೀಮಿಯಾ ಎಂಬ ಸೋಂಕಿಗೆ ಅಂಜಿ ಕೈಗವಸು ತೊಡುವುದು ಅನುಭವಿಗಳ ರೂಢಿ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ಅಪ್ರಾಮಾಣಿಕ. ದೊಡ್ಡ ಪ್ರಾಣಿಯನ್ನು ಚೆನ್ನಾಗಿ ಕೊಲ್ಲುವ ಕೌಶಲಕ್ಕಾಗಿ ಸಣ್ಣ ಪ್ರಾಣಿಯನ್ನು ಬಲಿಗೊಡುವುದು ಯಾವ ನ್ಯಾಯ? ಗಾತ್ರದಿಂದ ಜೀವದ ಬೆಲೆಕಟ್ಟುವ ದುರಭ್ಯಾಸ ಇದರಲ್ಲಿ ಅಡಗಿಲ್ಲವೆ? ಅಡಗಿರಬಹುದು. ಕಾಗದದ ಗುರಿಹಲಗೆಗೆ ಆಗಬೇಕಾದ ಅಭ್ಯಾಸವನ್ನು ಅಳಿಲಿನ ಮೇಲೆ ನಡಸುವವನ ವಿಷಯದಲ್ಲಿ ಈ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೈ ಕುದುರದವನು ಕಾಡಿಗೆ ಹೋಗಲೇಬಾರದು. ಕುದುರಿದವನೂ ಅಳಿಲಿನ ಮಾಂಸವನ್ನು ಅಟ್ಟು ಉಣ್ಣಲು ಮನಸ್ಸಿಲ್ಲದಿದ್ದರೆ ಅದನ್ನು ಕೊಲ್ಲಬಾರದು. ಅಹಿಂಸೆಯನ್ನು ವ್ರತವಾಗಿ ಕೈಕೊಂಡವರ ಮುಂದೆ ಈ ಸಮಾಧಾನ ನಿಲ್ಲಲಾರದು, ನಿಲ್ಲಬೇಕೆಂಬ ಹಟವೂ ನನಗಿಲ್ಲ. ಅಂಗಡಿಯಿಂದ ಮಾಂಸ ತಂದು ಉಣ್ಣುತ್ತ ಬೇಟೆಗಾರನನ್ನು ಕಟುಕನೆಂದು ಜರೆಯುವವರಿಗೆ ಮಾತ್ರ ಇಷ್ಟು ಸಾಕು.

ಜಿಂಕೆಯ ವಿಷಯದಲ್ಲಿ ತಪ್ಪಿನ ಬೆಲೆ ಬಹಳ ಹೆಚ್ಚು. ಹೆಗಲ ಹಿಂದೆ, ಹೃದಯಶ್ವಾಸಕೋಶಗಳಿರುವ ಸಣ್ಣ ಎಡೆಯೊಂದೇ ಅಲ್ಲಿ ಗುರಿ. ಪ್ರಾಣಿ ಪಕ್ಕೆಯನ್ನು ಒಡ್ಡಿಯೋ, ತುಸು ಆಚೆಗೆ ಮುಖ ತಿರುಗಿಸಿಯೋ ನಿಂತಲ್ಲದೆ ಹೊಡೆಯುವಂತಿಲ್ಲ. ಈಡು ತಗುಲಿದಮೇಲೆ ಓಡಿದ ಜಿಂಕೆಯನ್ನು ಒಡನೆ ಬೆನ್ನಟ್ಟಿದರೆ ಸಾಯಲಿರುವ ಪ್ರಾಣಿಯೂ ಭಯದಿಂದ ಬಹುದೂರ ಹೋಗಿ ಕಾಣೆಯಾಗುತ್ತದೆ. ಅರ್ಧ ಗಂಟೆಯಾದರೂ ಸುಮ್ಮನಿರಬೇಕು. ನೊರೆಗೂಡಿದ ತಿಳಿಗೆಂಪು ರಕ್ತ ಶ್ವಾಸಕೋಶದ ಗಾಯದ ಕುರುಹು. ಮೇವಿನ ಚೂರು ಬೆರೆತ ಕಪ್ಪುರಕ್ತ ಕಂಡರೆ ಈಡು ಹೊಟ್ಟೆಗೆ ಬಿದ್ದಿದೆ ಎಂದು ತಿಳಿದು, ತನ್ನ ತಪ್ಪಿನ ಅರಿವಿನೊಡನೆ ಗಂಟೆಗಟ್ಟಲೆ ಕಾಯಬೇಕು. ಆ ಕಾಯುವಿಕೆಯನ್ನು ಯಾವ ಪ್ರಮಾಣಪತ್ರವೂ ಕಲಿಸದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 1933ರಿಂದ ವನ್ಯಪ್ರಾಣಿ ನಿರ್ವಹಣೆಯ ಪ್ರಾಧ್ಯಾಪಕನಾಗಿದ್ದ, ಸ್ವತಃ ಬೇಟೆಗಾರನಾದ ಆಲ್ಡೊ ಲಿಯೊಪೋಲ್ಡ್, ಬೇಟೆಗಾರನ ನಡತೆಯನ್ನು ಮೆಚ್ಚಲೋ ಹಳಿಯಲೋ ಸಾಮಾನ್ಯವಾಗಿ ಪ್ರೇಕ್ಷಕರೇ ಇರುವುದಿಲ್ಲವೆಂಬುದನ್ನು ಎತ್ತಿ ಹೇಳಿದ್ದಾನೆ. ಜಿಂಕೆಗಳು ಮಿತಿಮೀರಿ ಕಾಡಿನ ಮರಿಸಸಿಗಳನ್ನೆಲ್ಲ ಮೇದು ತೀರಿಸುತ್ತಿದ್ದಾಗ ಹೆಣ್ಣು ಜಿಂಕೆಗಳನ್ನೂ ಕಡಮೆಮಾಡಬೇಕೆಂದು ವಾದಿಸಿ 1940ರ ದಶಕದಲ್ಲಿ ಜನರ ಕೋಪಕ್ಕೆ ಗುರಿಯಾದವನೂ ಅವನೇ; ಕೊಲ್ಲುವುದರ ಅಗತ್ಯವನ್ನೂ ಅದರ ಭಾರವನ್ನೂ ಒಟ್ಟಿಗೆ ಹೊರಬಲ್ಲ ಬುದ್ಧಿ ಅಪರೂಪವಾದದ್ದು.

ಬೇಟೆಗಾರರ ಸಂಖ್ಯೆ ಕುಗ್ಗಿ ರಹದಾರಿಯ ವರಮಾನ ಇಳಿದೀತೆಂಬ ಚಿಂತೆಯಿಂದ, ಹೊಸಬರನ್ನು ಹೇಗಾದರೂ ಬೇಗನೆ ಸೆಳೆದು ನಿಲ್ಲಿಸಿಕೊಳ್ಳಬೇಕೆಂಬ ಆತುರ ಈಗ ಆ ದೇಶದ ಇಲಾಖೆಗಳಲ್ಲಿ ಕಾಣುತ್ತಿದೆ. ಪ್ರಮಾಣಪತ್ರವಿಲ್ಲದವನೂ ಅನುಭವಿಯೊಬ್ಬನ ತೋಳಳವಿಯಲ್ಲಿದ್ದು ಬೇಟೆಯಾಡಬಹುದೆಂಬ ವ್ಯವಸ್ಥೆ ವಿಸ್ಕಾನ್ಸಿನ್ನಿನಲ್ಲಿ ಬಂದಿದೆ. ಗುರುವಿನ ಸಾನ್ನಿಧ್ಯ ಒಳ್ಳೆಯದೇ. ಆದರೆ ಅನ್ಯರು ಕಟ್ಟಿದ ಅಟ್ಟಣೆಯ ಮೇಲೆ, ಅನ್ಯರು ಗುರುತಿಸಿದ ಹಾದಿಯ ಮಗ್ಗುಲಲ್ಲಿ, ಅನ್ಯರು ಪಿಸುಗುಟ್ಟಿದ ಕ್ಷಣದಲ್ಲಿ ಕುದುರೆಯೆಳೆದು ಮೊದಲ ದಿನವೇ ಜಿಂಕೆಯನ್ನು ಕೆಡಹಿದವನು ಬೇಟೆಗಾರನಾದನೆ ಎಂಬುದು ಸಂಶಯಾಸ್ಪದ. ಆ ರಾಜ್ಯದ ಪಂಚಾಂಗವೇ ಇದಕ್ಕೆ ಪರಿಹಾರವನ್ನು ಒದಗಿಸಿರುವಂತಿದೆ: ಅಳಿಲಿನ ಬೇಟೆ ಸೆಪ್ಟೆಂಬರ್ ನಡುವಿನಲ್ಲಿ ತೊಡಗುತ್ತದೆ, ಕೋವಿಯಿಂದ ಜಿಂಕೆಯ ಬೇಟೆಯಾಡುವ ಒಂಬತ್ತು ದಿನಗಳ ಋತು ನವೆಂಬರ್ ತಿಂಗಳ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಿಂದಣ ಶನಿವಾರ ಆರಂಭವಾಗುತ್ತದೆ. ನಡುವಣ ಎರಡು ತಿಂಗಳನ್ನು ಓಕ್ ಮರದ ಬುಡದಲ್ಲಿ ಕಳೆದವನು, ಜಿಂಕೆಯ ರಹದಾರಿಯನ್ನು ಈ ವರ್ಷ ಕೊಳ್ಳಬೇಕೆ ಬೇಡವೆ ಎಂಬುದನ್ನು ಇಲಾಖೆಗಿಂತ ಚೆನ್ನಾಗಿ ತಾನೇ ನಿರ್ಣಯಿಸಬಲ್ಲನು.