ಕರಿಕೋಟಿನೊಳಗಿನ ಅಳುಕು

ತುಮಕೂರಿನ ಮಂಡಿಪೇಟೆ ವ್ಯಾಪಾರಿ ಗಿರಾಕಿ ಬಾಯಿಬಿಡುವ ಮೊದಲೇ ಬೆಲೆ ಹೇಳುತ್ತಾನೆ. ಹುಣಸೆ ಇಷ್ಟು, ಬೆಲ್ಲ ಇಷ್ಟು, ಬೇಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ಮುಂದಿನ ಅಂಗಡಿ ನೋಡಿ. ಅದೇ ವ್ಯಾಪಾರಿ ಬೌನ್ಸಾದ ಚೆಕ್ಕು ಹಿಡಿದು ವಕೀಲರ ಕೋಣೆಗೆ ಹೋದರೆ ಅಲ್ಲಿ ಮಾತ್ರ ಬೆಲೆ ತಿಳಿಯುವುದಿಲ್ಲ. "ಫೀಜು ಎಷ್ಟಾಗುತ್ತೆ ಸಾರ್?" ಎಂದರೆ "ಮೊದ್ಲು ಕಾಗದ ಕೊಡಿ, ಅದೆಲ್ಲಾ ಆಮೇಲೆ ನೋಡೋಣ" ಎಂಬ ಉತ್ತರ. ಆ 'ಆಮೇಲೆ' ಎರಡು ವರ್ಷಕ್ಕೆ ಮುಗಿಯುತ್ತದೋ ಎಂಟು ವರ್ಷಕ್ಕೋ, ದೇವರೇ ಬಲ್ಲ.

ಊರಿನವರು ಇದನ್ನು ದುರಾಸೆ ಎಂದು ತೀರ್ಮಾನಿಸಿ ಕೂತಿದ್ದಾರೆ. ದುರಾಸೆ ಇರುವ ಕಡೆ ಇದೆ, ಇಲ್ಲವೆಂದವರಾರು? ಆದರೆ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ ಇಟ್ಟುಕೊಂಡು ಒಬ್ಬರೇ ವಕೀಲಿ ನಡೆಸುವವರ ಹತ್ತಿರ ಅರ್ಧ ಗಂಟೆ ಮಾತಾಡಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಅಲ್ಲಿರುವುದು ಅಳುಕು. ಸಂಬಳವಿಲ್ಲ, ಪಾಲುದಾರನಿಲ್ಲ, ಟೈಪಿಸ್ಟು ಕೂಡ ನಾಲ್ಕು ಜನರ ನಡುವೆ ಒಬ್ಬ. ಫೀಜು ಬಾಯಿಬಿಟ್ಟು ಹೇಳಿದರೆ ಕಕ್ಷಿಗಾರ ಪಕ್ಕದ ಮೇಜಿಗೆ ಹೋದಾನು. ಕಡಿಮೆ ಹೇಳಿದರೆ "ರೇಟು ಕೆಡಿಸ್ತಾನೆ" ಎಂದು ಸಂಘದ ಕೊಠಡಿಯಲ್ಲಿ ಮಾತು. ಇಡೀ ಕೇಸಿಗೆ ಇಷ್ಟು ಎಂದು ಒಪ್ಪಿಕೊಂಡರೆ ಕೇಸು ಹತ್ತು ವರ್ಷ ಎಳೆದು ಬಸ್ ಚಾರ್ಜೂ ಗಿಟ್ಟದೆ ಹೋದೀತು. ಹೀಗಾಗಿ ತನ್ನ ಸೀನಿಯರು ಮಾಡಿದ್ದನ್ನೇ ತಾನೂ ಮಾಡುವುದು. ಸೀನಿಯರಾದರೂ ತಮ್ಮ ಸೀನಿಯರನ್ನು ನೋಡಿ ಕಲಿತದ್ದು ತಾನೇ?

ಕೇಳಿದರೆ ಎಲ್ಲರೂ ತೋರಿಸುವುದು ಒಂದೇ ಗುಮ್ಮ: ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ. ವಕೀಲ ಕೆಲಸ ಕೇಳಿಕೊಂಡು ಹೋಗಬಾರದು, ಜಾಹೀರಾತು ಕೊಡಬಾರದು, ದಲ್ಲಾಳಿ ಇಡಬಾರದು, ನಾಮಫಲಕ ಹದವಾದ ಅಳತೆಯದಾಗಿರಬೇಕು, ಅದರ ಮೇಲೆ 'ಇಂಥ ಕೇಸಿನ ತಜ್ಞ' ಎಂದು ಬರೆಸಬಾರದು. ನಿಯಮ ಇರುವುದು ನಿಜ. ಸರಿಯಾಗಿಯೇ ಇದೆ ಎನ್ನಬೇಕು; ಬಸ್ಸಿನ ಹಿಂದೆ ಸಾಬೂನಿನ ಪಟದ ಪಕ್ಕ ವಕೀಲರ ಪಟವೂ ಬಂದರೆ ನೋಡಲು ಚೆನ್ನಾಗಿರದು. ಆದರೆ ಕೋಣೆಗೆ ಬಂದು ಕೂತ ಕಕ್ಷಿಗಾರನಿಗೆ ಫೀಜು ಎಷ್ಟೆಂದು ಹೇಳಬಾರದು ಎಂದು ಆ ನಿಯಮದಲ್ಲಿ ಎಲ್ಲಿದೆ? ಚೀಟಿಯಲ್ಲಿ ಬರೆದುಕೊಡಬಾರದು ಎಂದು ಎಲ್ಲಿದೆ? 2008ರಲ್ಲಿ ಅದೇ ನಿಯಮಕ್ಕೆ ತಿದ್ದುಪಡಿಯಾಗಿ, ವಕೀಲರು ಅಂತರ್ಜಾಲ ತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಯಾವ ಬಗೆಯ ಕೇಸು ನಡೆಸುತ್ತಾರೆಂಬ ವಿವರ ಹಾಕಬಹುದು ಎಂದಾಯಿತು. ಇದನ್ನು ಬಳಸಿಕೊಂಡವರು ಜಿಲ್ಲೆಯಲ್ಲಿ ಎಷ್ಟು ಜನ ಎಂದು ಕೋರ್ಟಿನ ಆವರಣದಲ್ಲೇ ವಿಚಾರಿಸಿ ನೋಡಬಹುದು.

ತಮಾಷೆ ಇರುವುದು ಇನ್ನೊಂದು ಕಡೆ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂದು ವಕೀಲ ಮಾತಾಡಿಕೊಳ್ಳಕೂಡದು ಎಂದು 20ನೇ ನಿಯಮ ಸಾರಾಸಗಟಾಗಿ ಹೇಳುತ್ತದೆ. ಆದರೂ ಅಪಘಾತ ಪರಿಹಾರದ ಕೇಸುಗಳಲ್ಲಿ 'ಪರ್ಸೆಂಟೇಜು' ಎಂಬ ಮಾತು ಕೇಳದವರಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಕಾಯುವ ದಲ್ಲಾಳಿಗಳ ಸುದ್ದಿಯೂ ಹೊಸದಲ್ಲ. 2023ರಲ್ಲಿ ವಕೀಲರ ಕಾಯಿದೆಗೆ ತಿದ್ದುಪಡಿ ತಂದು, ದಲ್ಲಾಳಿಗಳ ಪಟ್ಟಿಗೆ ಸೇರಿದವನು ಮತ್ತೆ ಅದೇ ಕೆಲಸಕ್ಕಿಳಿದರೆ ಮೂರು ತಿಂಗಳವರೆಗೆ ಸಜೆ ಎಂದು ಹೇಳಲಾಗಿದೆ. ನಿಯಮ ಬೇಡವೆಂದ ಕೆಲಸಕ್ಕೆ ಧೈರ್ಯವಿದೆ, ನಿಯಮ ತಡೆಯದ ಕೆಲಸಕ್ಕೆ ಭಯ! ಇದು ಯಾವ ಸೀಮೆಯ ಶಿಸ್ತು ಸ್ವಾಮಿ?

ಈಗ ಲೆಕ್ಕಕ್ಕೆ ಬರೋಣ. ವಾಯಿದೆಗೆ 500 ರೂಪಾಯಿಯಂತೆ 40 ವಾಯಿದೆ ನಡೆದರೆ 20,000 ರೂಪಾಯಿ. ಅಂಗಡಿಯವನು ಕೊಡುವುದು ಅಷ್ಟೇ ಅಲ್ಲ, 40 ದಿನ ಬಾಗಿಲು ಹಾಕಿದ ನಷ್ಟವೂ ಸೇರಿತು. ಪಾವಗಡದಿಂದಲೋ ಶಿರಾದಿಂದಲೋ ಬಸ್ಸು ಹತ್ತಿ ಬರುವವನಿಗೆ ಇಡೀ ದಿನವೇ ಹೋಯಿತು. ಮುಂದೆ ಹೋದ ಪ್ರತಿ ವಾಯಿದೆಯೂ ವಕೀಲರಿಗೆ ಆದಾಯ, ಕಕ್ಷಿಗಾರನಿಗೆ ಖರ್ಚು. ಹೀಗಿರುವಾಗ ಒಳ್ಳೆಯ ವಕೀಲರ ಮೇಲೂ ಅನುಮಾನ ಬಾರದೆ ಇದ್ದೀತೇ? ಹಾಗೆಂದು ಇಡೀ ಕೇಸಿಗೆ ಒಂದೇ ಗಂಟು ಎಂದರೆ ಒಂಟಿ ವಕೀಲ ಮುಳುಗಿಹೋಗುತ್ತಾನೆ. ಜಡ್ಜಿ ರಜೆ ಹಾಕಿದರೆ, ಎದುರು ವಕೀಲ ಸಮಯ ಕೇಳಿದರೆ ಅದು ಇವನ ಕೈಯಲ್ಲಿಲ್ಲ. ನಡುವಿನ ದಾರಿ ಉಂಟು. ನೋಟೀಸಿಗೆ ಇಷ್ಟು, ದಾವೆ ಹೂಡಲು ಇಷ್ಟು, ಸಾಕ್ಷ್ಯ ಮುಗಿಯುವವರೆಗೆ ಇಷ್ಟು, ವಾದಕ್ಕೆ ಇಷ್ಟು ಎಂದು ಹಂತಹಂತವಾಗಿ ಬರೆದುಕೊಟ್ಟರೆ ಇಬ್ಬರಿಗೂ ನಿದ್ದೆ ಬರುತ್ತದೆ. ರೇಟು ಕೆಡುತ್ತದೆ ಎಂಬ ಭಯವೂ ಬೇಡ. ಕೊಡಲು ಶಕ್ತಿಯಿರುವ ಕಕ್ಷಿಗಾರನಿಂದ ನಿಗದಿಯಾದ ಮಟ್ಟಕ್ಕಿಂತ ಕಡಿಮೆ ತೆಗೆದುಕೊಳ್ಳಬಾರದು ಎಂದು 38ನೇ ನಿಯಮವೇ ಕಾಪಾಡುತ್ತದೆ.

ಬರೆದುಕೊಡುವುದಕ್ಕೆ ಇನ್ನೂ ಒಂದು ಕಾರಣವಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಫೀಜಿನ ತಕರಾರು ಬಂದರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ಕೈಯಲ್ಲೊಂದು ಚೀಟಿಯಿದ್ದರೆ ಮಾತಿಗೆ ಆಧಾರವಾದರೂ ಇರುತ್ತದೆ.

ಹೊಸ ದಾರಿ ಹಿಡಿಯಲು ಹೆದರುವವರು ಒಬ್ಬ ಹಳೆಯ ವಕೀಲರ ಕಥೆ ನೆನೆಯಬಹುದು. 1891ರಲ್ಲಿ ಬ್ಯಾರಿಸ್ಟರಾಗಿ ಬಂದ ಗಾಂಧಿಯವರು ಮುಂಬಯಿಯ ಸಣ್ಣ ದಾವೆಗಳ ಕೋರ್ಟಿನಲ್ಲಿ 30 ರೂಪಾಯಿ ಫೀಜಿನ ಮೊದಲ ಕೇಸಿಗೆ ಎದ್ದು ನಿಂತರು. ತಲೆ ತಿರುಗಿತು, ನಾಲಿಗೆ ಹೊರಳಲಿಲ್ಲ, ಒಂದು ಪ್ರಶ್ನೆಯೂ ಬಾಯಿಂದ ಬರಲಿಲ್ಲ. ಕೇಸು ಬೇರೆಯವರಿಗೆ ಒಪ್ಪಿಸಿ ಕೋರ್ಟಿನಿಂದ ಹೊರಬಿದ್ದರು. ಆಮೇಲೆ ರಾಜಕೋಟೆಗೆ ಹೋಗಿ ಅರ್ಜಿ, ಮನವಿ ಬರೆದುಕೊಡುವ ಕೆಲಸ ಹಿಡಿದರು. ತಿಂಗಳಿಗೆ ಸರಾಸರಿ 300 ರೂಪಾಯಿ ಬರತೊಡಗಿತು ಎಂದು ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಆ ಕಾಲಕ್ಕೆ ಅದೇನು ಸಣ್ಣ ಮೊತ್ತವೇ? ಬ್ಯಾರಿಸ್ಟರು ಅರ್ಜಿ ಬರೆಯುವುದೇ ಎಂದು ನಕ್ಕವರೂ ಇದ್ದಿರಬೇಕು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ದಾದಾ ಅಬ್ದುಲ್ಲಾ ಅವರ ದೊಡ್ಡ ವ್ಯಾಜ್ಯವನ್ನು ಪಂಚಾಯ್ತಿಗೆ ಒಪ್ಪಿಸಲು ಇಬ್ಬರನ್ನೂ ಒಪ್ಪಿಸಿದರು. ಸೋತ ಕಡೆಯವರ ಮೇಲೆ 37,000 ಪೌಂಡು ಬಿತ್ತು. ಒಂದೇ ಸಲಕ್ಕೆ ಕೊಟ್ಟರೆ ಅವರು ದಿವಾಳಿ. ಗಾಂಧಿಯವರು ತಮ್ಮ ಕಕ್ಷಿಗಾರನನ್ನೇ ಕಾಡಿ ಬೇಡಿ ದೀರ್ಘ ಕಂತುಗಳಿಗೆ ಒಪ್ಪಿಸಿದರು.

ಅರ್ಜಿ ಬರೆಯುವ ಆ ಕೆಲಸದಂಥದ್ದು ಇಂದಿಗೂ ಊರ ತುಂಬ ಬಿದ್ದಿದೆ. ಅಂಗಡಿ ಬಾಡಿಗೆಯ ಕರಾರನ್ನೇ ತೆಗೆದುಕೊಳ್ಳಿ. ಒಂದು ವರ್ಷ ದಾಟಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕಾದ್ದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಬರೆಯುವವರು ಯಾರು? ಜೆರಾಕ್ಸ್ ಅಂಗಡಿಯವನು. ಹಿಂದಿನವರ ಕರಾರಿನಲ್ಲಿ ಹೆಸರು ಬದಲಿಸಿ ಕೈಗಿಡುತ್ತಾನೆ. ಅಡ್ವಾನ್ಸು ಯಾವಾಗ ವಾಪಸು, ಬಾಡಿಗೆ ಎಷ್ಟು ಏರಬೇಕು, ಅಂಗಡಿಗೆ ಹಾಕಿಸಿದ ಕಪಾಟು ಯಾರದ್ದು ಎಂಬುದು ಜಗಳ ಬಂದಮೇಲೆ ತಿಳಿಯುತ್ತದೆ. ಕರಾರಿಗೆ ಇಂತಿಷ್ಟು ಎಂದು ಫೀಜು ಗೊತ್ತಿದ್ದರೆ ಅಂಗಡಿಯವನು ವಕೀಲರ ಕೋಣೆಗೇ ಹೋಗುತ್ತಿದ್ದ. ನಾಲ್ಕಾರು ಅಂಗಡಿಯವರ ಕಾಗದಪತ್ರವನ್ನು ವರ್ಷಕ್ಕಿಷ್ಟು ಎಂದು ಒಪ್ಪಿಕೊಂಡ ವಕೀಲನಿಗೂ ತಿಂಗಳ ಕೊನೆಯಲ್ಲಿ ಒಂದು ನೆಲೆ. ಕೇಸಿನ ಮುಂದಿನ ವಾಯಿದೆ ಕೇಳುವುದಕ್ಕೇ ಕಕ್ಷಿಗಾರ ಬಸ್ಸು ಹತ್ತಿ ಬರುವ ಕಾಲವೂ ಇದಲ್ಲ. ಕೇಸಿನ 16 ಅಂಕಿಯ ಸಂಖ್ಯೆ ಒತ್ತಿದರೆ ಇ-ಕೋರ್ಟ್ಸ್ ಸೇವೆ ಮೊಬೈಲಿನಲ್ಲೇ ತಾರೀಖು ತೋರಿಸುತ್ತದೆ. ಆ ಸಂಖ್ಯೆಯನ್ನು ಮೊದಲ ದಿನವೇ ಕಕ್ಷಿಗಾರನಿಗೆ ಬರೆದುಕೊಟ್ಟರೆ ವಕೀಲರ ಗಂಟೇನೂ ಹೋಗದು.

ಎಲ್ಲವನ್ನೂ ಒಮ್ಮೆಗೇ ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಸಂಸಾರ ತೂಗಿಸುವ ಒಂಟಿ ವಕೀಲನಿಗೆ ಅದು ಆಗುವ ಮಾತೂ ಅಲ್ಲ. ಹಳೆಯ ಕೇಸುಗಳು ಹಳೆಯ ರೀತಿಯಲ್ಲೇ ನಡೆಯಲಿ. ಒಂದು ಬಗೆಯ ಕೆಲಸಕ್ಕೆ ಮಾತ್ರ, ಅದರಲ್ಲೂ ಚೆಕ್ಕು ಬೌನ್ಸಿನ ನೋಟೀಸಿಗೆ, ಆರು ತಿಂಗಳು ಗೊತ್ತಾದ ಫೀಜು ಇಟ್ಟು ನೋಡಬಹುದು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟೀಸು ಹೋಗಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ತಕ್ಕ ಕಾರಣ ಕೊಟ್ಟು ಕೋರ್ಟನ್ನು ಕೇಳಿಕೊಳ್ಳಬಹುದು, ನೋಟೀಸಿನ ಗಡುವು ತಪ್ಪಿದರೆ ಆ ಸಲದ ಮೊಕದ್ದಮೆ ಕೈಬಿಟ್ಟಂತೆಯೇ. ವಕೀಲರು ಎಷ್ಟು ಕೇಳಿಯಾರೋ ಎಂಬ ಹೆದರಿಕೆಯಲ್ಲಿ ಬ್ಯಾಂಕಿನ ಚೀಟಿಯನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಕೂರುವ ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ಆ 30 ದಿನ ಕಳೆಯುವುದು ತಿಳಿಯುವುದೇ ಇಲ್ಲ. ಇತ್ತ ಕೋರ್ಟಿನ ಎದುರು ಕೋಣೆ ತೆರೆದ ಕಿರಿಯ ವಕೀಲ, ಕಕ್ಷಿಗಾರ ಬರಲಿಲ್ಲವಲ್ಲ ಎಂದು ಸಂಜೆಯವರೆಗೆ ಬಾಗಿಲು ನೋಡುತ್ತಾ ಕೂತಿರುತ್ತಾನೆ.