ಬೇಡ ಅನ್ನುವ ಹಕ್ಕು ಯಾರಿಗಿದೆ?

ಗಂಡಸಿನ ಕಿಡ್ನಿ ಕೆಟ್ಟರೆ ಮನೆಮಂದಿಯೆಲ್ಲ ಜಗುಲಿ ಮೇಲೆ ಕೂತು ಯಾರು ಕೊಡಬೇಕು ಅಂತ ಮಾತಾಡುತ್ತಾರೆ. ಹೆಂಗಸಿನ ಕಿಡ್ನಿ ಕೆಟ್ಟರೆ, ‘ಪಟ್ಟೀಲಿ ಹೆಸರು ಬರ್ಸಿ ಬಾರವ್ವ, ದೇವ್ರವ್ನೆ’ ಅನ್ನುತ್ತಾರೆ. ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟದ ತಪ್ಪಲಿನ ನಮ್ಮೂರಲ್ಲಿ ನಡೆದದ್ದು ಇದು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಮೈಸೂರಿನ ಆಸ್ಪತ್ರೆಗಳಿಗೆ ಬರುವ ಹೆಂಗಸರು ಬೆಂಚಿನ ಮೇಲೆ ಕೂತು ಹೇಳಿಕೊಳ್ಳುವುದೂ ಇದನ್ನೇ. ಗಟ್ಟಿಯಾಗಿ ಹೇಳುವುದಿಲ್ಲ. ಗಂಡ ಟೀ ಕುಡಿಯಲು ಹೊರಗೆ ಹೋದಾಗ ಹೇಳುತ್ತಾರೆ.

ನಮ್ಮ ಮನೆಯದನ್ನೇ ತೆಗೆದುಕೊಳ್ಳಿ. ಮೊದಲು ಕೆಟ್ಟದ್ದು ನನ್ನ ಮೈದುನನ ಕಿಡ್ನಿ. ಬಿ.ಪಿ. ಇದೆ ಅಂತ ಗೊತ್ತಿದ್ದೂ ಅದರ ಮಾತ್ರೆ ಬಿಟ್ಟು, ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನ ಗುಳಿಗೆ ನುಂಗಿಕೊಂಡು ಓಡಾಡಿದವನು. ಕಸಿಯ ಮಾತು ಬಂದ ವಾರದಲ್ಲೇ ತೀರ್ಮಾನವಾಯಿತು. ನನ್ನ ವಾರಗಿತ್ತಿಯನ್ನು ಯಾರೂ ಕೇಳಲಿಲ್ಲ, ಅವಳಿಗೆ ಹೇಳಿದರು. ಅತ್ತೆ ಅವಳ ತಲೆ ಸವರಿ, ‘ನಿನ್ ತಾಳಿ ನೀನೇ ಉಳುಸ್ಕಬೇಕು ಕನವ್ವ’ ಅಂದರು. ಅಲ್ಲಿಗೆ ಸಭೆ ಬರಖಾಸ್ತು. ಆಸ್ಪತ್ರೆಯಲ್ಲಿ ‘ನಿಮ್ಮ ಇಷ್ಟದಿಂದಲೇ ಕೊಡ್ತಿದ್ದೀರಾಮ್ಮ?’ ಅಂತ ಕೇಳಿದಾಗ ತಲೆಯಾಡಿಸಿದಳು. ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ಮಾವ. ಇನ್ನೇನು ಮಾಡಬೇಕಿತ್ತು ಅವಳು?

ಈಗ ಮೈದುನ ಟ್ರ್ಯಾಕ್ಟರ್ ಓಡಿಸುತ್ತಾನೆ. ಚೆನ್ನಾಗಿರಲಿ. ವಾರಗಿತ್ತಿ ಹುಲ್ಲಿನ ಹೊರೆ ಹೊರುತ್ತಾಳೆ. ಊರವರು ಅವಳನ್ನು ಸತಿ ಸಾವಿತ್ರಿ ಅಂತ ಹೊಗಳುತ್ತಾರೆ. ವರ್ಷಕ್ಕೊಮ್ಮೆ ಅವಳ ಬಿ.ಪಿ., ಮೂತ್ರ, ರಕ್ತ ನೋಡಿಸಬೇಕು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಮಾತ್ರ ಗೋಡೆಗೂಡಿನಲ್ಲಿ ಮಡಿಸಿದಂತೆಯೇ ಇದೆ.

ಆಮೇಲೆ ನನ್ನ ಕಿಡ್ನಿ ಕೈಕೊಟ್ಟಿತು. ನನ್ನದು ಓ ಗುಂಪು. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ತಾವು ಪಡೆಯಬೇಕಾದರೆ ಸಾಮಾನ್ಯವಾಗಿ ಓ ಗುಂಪಿನವರಿಂದಲೇ ಆಗಬೇಕು. ಈ ಮನೆಯಲ್ಲಿ ಸೊಸೆಯ ಪಾಡೂ ಅದೇ ಆದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಯಜಮಾನರದು ಓ. ನನ್ನ ಅಣ್ಣತಮ್ಮಂದಿರಿಬ್ಬರದೂ ಓ. ‘ಗೇಯೋ ಗಂಡ್ಸು ಕನವ್ವ, ಅವ್ನ ಒಟ್ಟೆ ಕುಯ್ಸಕ್ಕಾದದಾ?’ ಅಂದರು ಅತ್ತೆ. ಎರಡು ವರ್ಷದ ಹಿಂದೆ ಹೊಟ್ಟೆ ಕುಯ್ಯಿಸಿಕೊಂಡವಳು ಅದೇ ಹೊತ್ತಿನಲ್ಲಿ ಹಿಂದಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಅವಳು ಗೇಯುವುದು ಗೆಯ್ಮೆಯ ಲೆಕ್ಕಕ್ಕಿಲ್ಲ. ಅಣ್ಣ ‘ನಿಮ್ ಅತ್ಗೆ ಒಪ್ಪಾಕಿಲ್ಲ’ ಅಂದ. ತಮ್ಮ ಫೋನು ಎತ್ತುವುದನ್ನೇ ಬಿಟ್ಟ. ತಾನಾಗಿ ಬಂದವರು ಇಬ್ಬರೇ. ಒಬ್ಬಳು ನನ್ನವ್ವ, ಸಕ್ಕರೆ ಕಾಯಿಲೆ ಇದ್ದವಳು. ಡಾಕ್ಟರು ಮೊದಲ ದಿನವೇ ವಾಪಸು ಕಳಿಸಿದರು. ಇನ್ನೊಬ್ಬಳು ತಂಗಿ. ಅವಳ ಗಂಡನ ಮನೆಯವರು ‘ನಮ್ಮನೆ ಸೊಸೆ ಅದು, ನಿಮ್ಮನೆಗ್ಯಾಕೆ ಕೊಡಾನ?’ ಅಂದರು. ಅಂದರೆ ಅವಳ ಕಿಡ್ನಿಯ ಖಾತೆಯೂ ಅವರ ಹೆಸರಿಗೆ ಬದಲಾವಣೆಯಾಗಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನನ್ನ ಗಂಡನ ಕಿಡ್ನಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಅಣ್ಣನ ಮೇಲೂ ಇಲ್ಲ, ತಮ್ಮನ ಮೇಲೂ ಇಲ್ಲ. ಕೊಡುವುದಿಲ್ಲ ಅಂದರು, ಅದು ಅವರ ಮೈ, ಅವರಿಷ್ಟ. ನನ್ನ ಸಿಟ್ಟು ಅವರು ಬೇಡ ಅಂದದ್ದಕ್ಕೆ ಅಲ್ಲವೇ ಅಲ್ಲ. ಅವರಿಗೆ ಅಷ್ಟು ಸಲೀಸಾಗಿ ಸಿಕ್ಕ ‘ಬೇಡ’ ನನ್ನ ವಾರಗಿತ್ತಿಗೆ ಯಾಕೆ ಸಿಗಲಿಲ್ಲ? ಅವಳು ಹಾಗೆ ಅಂದಿದ್ದರೆ ಗಂಡನ್ನ ಕೊಂದವಳು ಅಂತ ಊರು ಆಡಿಕೊಳ್ಳುತ್ತಿತ್ತು. ನನ್ನ ಗಂಡನನ್ನು ಹಾಗೆ ಯಾರಾದರೂ ಅಂದದ್ದುಂಟೇ? ಅವರನ್ನು ಕಂಡರೆ ಜನ ‘ಪಾಪ, ಮನೇಲಿ ಕಾಯ್ಲೆ ಹೆಂಡ್ತಿ ಇಟ್ಕಂಡು ಒದ್ದಾಡ್ತಾನೆ’ ಅಂತ ಮರುಗುತ್ತಾರೆ.

ಇದು ಒಂದು ಮನೆಯ ಜಗಳ ಅಂತ ತಳ್ಳಿಹಾಕುವವರಿಗೆ ದೆಹಲಿಯ ಲೆಕ್ಕವೇ ಇದೆ. ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ಪ್ರಕಾರ 1995ರಿಂದ 2021ರವರೆಗೆ ದೇಶದಲ್ಲಿ ನಡೆದ ಕಸಿಗಳು 36,640. ಅದರಲ್ಲಿ ಅಂಗ ಪಡೆದ ಹೆಂಗಸರು 6,945. ಐದರಲ್ಲಿ ಒಂದು ಪಾಲೂ ಇಲ್ಲ. ಬದುಕಿರುವಾಗಲೇ ಕೊಟ್ಟವರನ್ನು ಎಣಿಸಿದರೆ ಲೆಕ್ಕ ತಿರುವುಮುರುವು, ಅಲ್ಲಿ ಹೆಂಗಸರದೇ ಮೇಲುಗೈ. ಬೇರೆ ಯಾವ ಪಟ್ಟಿಯಲ್ಲೂ ಸಿಗದ ಮೇಲುಗೈ.

ಕಾನೂನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2014ರ ನಿಯಮಗಳಲ್ಲಿ, ಕೊಡುವವಳು ಹೆಂಗಸಾದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವಂತ ಒಪ್ಪಿಗೆಯನ್ನು ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು ಅಂತಲೇ ಬರೆದಿದ್ದಾರೆ. ಬರೆದವರ ಮನೆಯಲ್ಲೂ ಇಂಥ ಜಗುಲಿ ಇದ್ದಿರಬೇಕು. ಆದರೆ ಆ ಬೇರೊಬ್ಬರು ಯಾರು? ನಮ್ಮಲ್ಲಿ ಅದು ಅತ್ತೆ. ತಂಗಿಯಂಥವರ ಪ್ರಶ್ನೆಗೂ ಉತ್ತರ ಬಂದಾಗಿದೆ. ತಂದೆಗೆ ಕಿಡ್ನಿ ಕೊಡಲು ಹೊರಟ ಮಗಳೊಬ್ಬಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2022ರಲ್ಲಿ ಗಂಡನ ಒಪ್ಪಿಗೆ ಕಡ್ಡಾಯವಲ್ಲ ಅಂತ ಹೇಳಿತು. ಆ ತೀರ್ಪು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನವರೆಗೂ ಬಂದಿಲ್ಲ.

ಇನ್ನು, ಕಿಡ್ನಿ ಸಿಗದೆ ನಾನು ಮಾಡಿಕೊಳ್ಳುತ್ತಿರುವ ಮನೆ ಡಯಾಲಿಸಿಸ್ಸಿನ ಸಂಗತಿ. ಹೊಕ್ಕಳ ಪಕ್ಕ ಮೆತ್ತನೆಯ ಒಂದು ನಳಿಕೆ ಕೂರಿಸಿದ್ದಾರೆ. ಕರುಳು ಹೊದ್ದಿರುವ ಪೊರೆಯೇ ಇಲ್ಲಿ ಜರಡಿ. ಎರಡು ಲೀಟರಿನ ಸಕ್ಕರೆ ನೀರಿನ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮಾಸ್ಕು ಕಟ್ಟಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಹಳೆಯ ನೀರನ್ನು ಕೆಳಗಿನ ಚೀಲಕ್ಕೆ ಇಳಿಸಿ ಹೊಸದನ್ನು ಹೊಟ್ಟೆಗೆ ತುಂಬಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ. ಕರೆಂಟು ಬೇಕಿಲ್ಲ, ಎತ್ತರದಿಂದ ನೀರು ತಾನೇ ಇಳಿಯುತ್ತದೆ. ಇಳಿದ ನೀರು ತಿಳಿಯಾಗಿದೆಯೋ ಇಲ್ಲವೋ ನೋಡಲು ಚೀಲದ ಕೆಳಗೆ ದಿನಪತ್ರಿಕೆ ಹಾಸುತ್ತೇನೆ. ಅಕ್ಷರ ಓದಲು ಬಂದರೆ ಸರಿ, ಮಬ್ಬಾದರೆ ಹೊಟ್ಟೆಯಲ್ಲಿ ಸೋಂಕು. ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮಹಿಳಾ ಸಬಲೀಕರಣದ ಎಷ್ಟು ಜಾಹೀರಾತುಗಳನ್ನು ನನ್ನ ಹೊಟ್ಟೆಯ ಹಳದಿ ನೀರಿನೊಳಗಿಂದ ಓದಿದ್ದೇನೋ! ಮಂತ್ರಿಗಳ ನಗು ಆ ನೀರಿನಲ್ಲೂ ಚೆನ್ನಾಗಿ ಕಾಣುತ್ತದೆ.

ಡಾಕ್ಟರು ಎರಡೂ ದಾರಿ ವಿವರಿಸಿದ್ದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಮೆಷಿನ್ನಿಗೆ ಮಲಗುವುದು ಒಂದು, ಮನೆಯಲ್ಲೇ ಮಾಡಿಕೊಳ್ಳುವುದು ಇನ್ನೊಂದು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ‘ಮನೇಲೇ ಆಗ್ಲಿ ಸಾ’ ಅಂದರು. ಹೆಂಡತಿಗೆ ಓಡಾಟ ತಪ್ಪಲಿ ಅಂತ ಅಲ್ಲ. ವಾರಕ್ಕೆ ಮೂರು ದಿನ ಮುದ್ದೆ ತೊಳಸುವವರು ಯಾರು ಅನ್ನುವುದು ಅವರ ಚಿಂತೆ. ಮನೆ ಡಯಾಲಿಸಿಸ್ಸನ್ನು ಸ್ವಾತಂತ್ರ್ಯ ಅಂತ ಹೊಗಳುತ್ತಾರೆ. ನಿಜ, ಮೆಷಿನ್ನಿನ ಹಂಗಿಲ್ಲ, ನಡುನಡುವೆ ಬೇರೆ ಕೆಲಸ ಮಾಡಬಹುದು. ನಾನು ಮಾಡುತ್ತೇನೆ: ಹೊಟ್ಟೆಯಲ್ಲಿ ಎರಡು ಲೀಟರು ಇಟ್ಟುಕೊಂಡೇ ಒಲೆ, ಪಾತ್ರೆ, ದನ. ಕಲಿಸುವ ದಿನ ಆಸ್ಪತ್ರೆಯಲ್ಲಿ ಕಂಡದ್ದು ಇದು: ರೋಗಿ ಗಂಡಸಾದರೆ ನರ್ಸಮ್ಮನ ಮುಂದೆ ಕೂತು ಚೀಲ ಜೋಡಿಸುವುದನ್ನು ಕಲಿಯುವವಳು ಹೆಂಡತಿ, ಇಲ್ಲವೇ ಮಗಳು. ರೋಗಿ ಹೆಂಗಸಾದರೆ ಕಲಿಯುವವಳೂ ಅವಳೇ. ಅವಳ ಗಂಡ ಕಾರಿಡಾರಿನಲ್ಲಿ ಫೋನು ನೋಡುತ್ತಿರುತ್ತಾನೆ.

ಮೊಟ್ಟೆಯ ವಿಷಯ ಹೇಳಿದರೆ ನಗುತ್ತೀರಿ. ಈ ನೀರಿನ ಜೊತೆ ಮೈಯ ಪ್ರೋಟೀನೂ ಹರಿದುಹೋಗುತ್ತದೆ. ಅದಕ್ಕೆ ದಿನಾ ಮೊಟ್ಟೆಯ ಬಿಳಿ ತಿನ್ನಿ ಅಂದರು ಡಾಕ್ಟರು. ಕಡೇ ಪಂಕ್ತಿಯಲ್ಲಿ ಉಳಿದ ಸಾರು ಬಳಿದುಕೊಂಡು ಉಂಡವಳು ಗಂಡಸರ ಎದುರಿಗೆ ದಿನಾ ಎರಡು ಮೊಟ್ಟೆ ಸುಲಿಯುವುದೆಂದರೆ ನಮ್ಮ ಮನೆಯಲ್ಲಿ ಅದು ಸಣ್ಣ ದಂಗೆ. ‘ಕಾಯ್ಲೆ ಬಂದ್ಮೇಲೆ ನಾಲ್ಗೆ ಉದ್ದ ಆಯ್ತು’ ಅಂತ ಮಾವ ಗೊಣಗಿದರು. ಹಳದಿ ಭಾಗವನ್ನು ಅವರ ತಟ್ಟೆಗೇ ಹಾಕಿದೆ. ತಿಂದರು.

ದುಡ್ಡಿನ ಮಾತಿಗೆ ಬಂದರೆ ಸರ್ಕಾರವನ್ನೂ ಬಿಡಲಾಗದು. ಚೀಲಗಳಿಗೇ ತಿಂಗಳಿಗೆ ಇಪ್ಪತ್ತೈದು ಸಾವಿರ ದಾಟುತ್ತದೆ. ಡಬ್ಬಗಳು ಕೋಣೆಯಲ್ಲಿ ಭತ್ತದ ಮೂಟೆಯಂತೆ ಸೂರು ಮುಟ್ಟಿವೆ. ನನ್ನ ಓಲೆ, ಸರ ಹೋದವು, ಈಗ ಅವ್ವನ ಕೊಪ್ಪೂ ಹೋಯಿತು. ಇಲ್ಲೂ ಹೆಂಗಸರ ಮೈಮೇಲಿನದೇ. ಕೇಂದ್ರ ಸರ್ಕಾರ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟಿಸಿದ್ದು 2016ರ ಬಜೆಟ್ಟಿನಲ್ಲಿ. ಮನೆಯಲ್ಲಿ ಮಾಡಿಕೊಳ್ಳುವ ಬಗೆಗೂ 2019ರಲ್ಲಿ ಮಾರ್ಗಸೂಚಿ ಬಂತು. ಮಾರ್ಗಸೂಚಿ ಬಂತು, ಚೀಲ ಬರಲಿಲ್ಲ; ಬಿಲ್ಲು ಇಂದಿಗೂ ನಾನೇ ಕಟ್ಟುತ್ತಿದ್ದೇನೆ. ಹಾಂಗ್‌ಕಾಂಗಿನಲ್ಲಿ 1985ರಿಂದಲೇ ಮೊದಲು ಮನೆ ಡಯಾಲಿಸಿಸ್ ಅನ್ನುವ ನೀತಿ ಇದೆ. ಥಾಯ್ಲೆಂಡಿನವರು 2008ರಲ್ಲಿ ಇದನ್ನು ಸರ್ಕಾರಿ ಖರ್ಚಿಗೆ ಸೇರಿಸಿದರು. ಸರ್ಕಾರ ಕೊಟ್ಟದ್ದೂ ಇದೆ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಿಕ್ಕ ಬಿಟ್ಟಿ ಬಸ್ಸನ್ನು ಹಂಗಿಸುವವರು ಒಂದು ದಿನ ನಾಗಮಂಗಲದ ಬಸ್ಸು ಹತ್ತಲಿ. ಮೆಷಿನ್ನಿನ ಸೂಜಿಗೆಂದು ತೋಳಿನಲ್ಲಿ ಮಾಡಿಸಿದ ಫಿಸ್ಟುಲಾ ಮುಚ್ಚಿಕೊಂಡು, ಸೀರೆ ಸೆರಗು ಹೊದ್ದು ಡಯಾಲಿಸಿಸ್‌ಗೆ ಹೊರಟವರು ಅದರಲ್ಲಿದ್ದಾರೆ. 2023ರ ಜೂನ್‌ಗಿಂತ ಮುಂಚೆ ಇವರಲ್ಲಿ ಕೆಲವರು ಬಸ್ ಚಾರ್ಜಿಗೆ ಕೈಯೊಡ್ಡಲಾರದೆ ವಾರಕ್ಕೊಂದು ಸರದಿ ಬಿಟ್ಟುಬಿಡುತ್ತಿದ್ದರು.

ಆದರೆ ಸರ್ಕಾರವನ್ನು ಬೈಯುವುದು ಸುಲಭ, ಚಪ್ಪಾಳೆಯೂ ಸಿಗುತ್ತದೆ. ಸ್ವತಃ ಡಾಕ್ಟರಾಗಿದ್ದ ನಮ್ಮ ಮಂಡ್ಯ ಜಿಲ್ಲೆಯ ಕಥೆಗಾರ ಬೆಸಗರಹಳ್ಳಿ ರಾಮಣ್ಣ ‘ಗಾಂಧಿ’ ಕಥೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಬಡವರಿಗಾಗುವುದನ್ನು ಬರೆದರು. ಆಸ್ಪತ್ರೆ ಮುಟ್ಟುವ ಮುಂಚೆ, ಹೊಸ್ತಿಲ ಒಳಗೇ ಯಾರು ಉಳಿಯಬೇಕು ಅಂತ ನಡೆಯುವ ಆಯ್ಕೆಯನ್ನು ಬರೆಯಲು ಗಂಡು ಬಂಡಾಯ ಸಾಹಿತಿಗಳಿಗೆ ಕೈ ಬರುವುದಿಲ್ಲ. ಅಲ್ಲಿ ಕಟಕಟೆಯಲ್ಲಿ ನಿಲ್ಲಬೇಕಾದವರು ಅವರೇ.

ಆಯ್ಕೆ ಶುರುವಾಗುವುದು ಗರ್ಭದಲ್ಲೇ. 2023ರ ಕೊನೆಯಲ್ಲಿ ಬಯಲಿಗೆ ಬಂದದ್ದು ನೆನಪಿದೆಯೇ? ಮಂಡ್ಯ ತಾಲ್ಲೂಕಿನ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದರು. ಬೆಲ್ಲ ಬೇಯುವ ಜಾಗದಲ್ಲಿ! ಅದರ ಗದ್ದಲ ಆರುವ ಮೊದಲೇ, 2024ರಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಂಥದೇ ದಂಧೆ ಸಿಕ್ಕಿಬಿತ್ತು. ಹುಟ್ಟಲು ಬಿಡದ ಜಿಲ್ಲೆ ಇದು. ಹೇಗೋ ಕಣ್ತಪ್ಪಿಸಿ ಹುಟ್ಟಿದವಳು ದೊಡ್ಡವಳಾದ ಮೇಲೆ ಇದೇ ಜಿಲ್ಲೆಗೆ ಅವಳ ಕಿಡ್ನಿ ಮಾತ್ರ ಬೇಕು. ನನ್ನ ಅಣ್ಣ ಮೂರನೆಯದೂ ಹೆಣ್ಣಾಯಿತು ಅಂತ ಸಿಹಿ ಹಂಚಲಿಲ್ಲ. ನಾಳೆ ಅವನಿಗೇ ಕಿಡ್ನಿ ಬೇಕಾದರೆ ಸಾಲಿನಲ್ಲಿ ಮೊದಲು ನಿಲ್ಲುವವರು ಆ ಮೂವರು. ಬರೆದಿಟ್ಟುಕೊಳ್ಳಿ.

ಭಕ್ತಿಯವರ ಕಾಟ ಬೇರೆ. ‘ಗಂಜಾಂ ನಿಮಿಷಾಂಬೆಗೆ ನಡ್ಕೊ ಕನಕ್ಕ, ನಿಮಿಷದಲ್ಲಿ ಕೊಡ್ತಾಳೆ’ ಅನ್ನುತ್ತಾರೆ. ‘ಕರಿಘಟ್ಟದಪ್ಪನಿಗೆ ಹರಕೆ ಕಟ್ಕೊ’ ಅನ್ನುತ್ತಾರೆ. ಮೈದುನನಿಗೆ ಇದೇ ಜನ ಹರಕೆಯ ದಾರಿ ತೋರಿಸಲಿಲ್ಲ, ಹೆಂಡತಿಯನ್ನು ತೋರಿಸಿದರು. ದೇವರು ಇರುವುದು ಸೊಸೆಯಂದಿರ ಪಾಲಿಗೆ ಮಾತ್ರವೋ?

ಹೀಗೆ ನಾನು ರಾಜ್ಯದ ಅಂಗಾಂಗ ಕಸಿ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿದ್ದೇನೆ. ಆ ಪಟ್ಟಿಗೆ ಸತ್ತವರ ಕಿಡ್ನಿ ಬರಬೇಕು. ಮಿದುಳು ಸತ್ತಿದೆ ಅಂತ ನಾಲ್ವರು ಡಾಕ್ಟರು ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ನೋಡಿ ಹೇಳಬೇಕು, ಮನೆಯವರು ಒಪ್ಪಬೇಕು, ಗುಂಪು ಕೂಡಿಬರಬೇಕು. ಇಡೀ ದೇಶದಲ್ಲಿ ಹಾಗೆ ಕೊಟ್ಟವರ ಸಂಖ್ಯೆ ವರ್ಷಕ್ಕೆ ಸಾವಿರ ದಾಟಿದ್ದೇ 2023ರಲ್ಲಿ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅಂಗಾಂಗ ಕೊಟ್ಟರು. ಅಂಥವರಿಗೆ ಕೈಮುಗಿಯುತ್ತೇನೆ. ಆದರೆ ರಾತ್ರಿ ಮೈಸೂರು ಹೆದ್ದಾರಿಯಲ್ಲಿ ಆಂಬುಲೆನ್ಸ್ ಕೂಗಿದಾಗ ಕಿವಿ ನೆಟ್ಟಗಾಗುತ್ತದೆ. ನನ್ನವರೇ ಮೂವರು ಓ ಗುಂಪಿನವರು ತಂತಮ್ಮ ಮನೆಯಲ್ಲಿ ಗೊರಕೆ ಹೊಡೆಯುತ್ತಿರುವಾಗ ಯಾರದೋ ಮಗನ ಸಾವಿಗೆ ಕಾಯುವ ಹೀನಾಯಕ್ಕೆ ನನ್ನನ್ನು ತಳ್ಳಿದವರು ಯಾರು?

2025ರ ಆಗಸ್ಟಿನಲ್ಲಿ ದೆಹಲಿಯ ಅದೇ ರಾಷ್ಟ್ರೀಯ ಕಸಿ ಸಂಸ್ಥೆ, ಪಟ್ಟಿಯಲ್ಲಿ ಕಾಯುತ್ತಿರುವ ಹೆಂಗಸರಿಗೆ ಆದ್ಯತೆ ಕೊಡಿ ಅಂತ ರಾಜ್ಯಗಳಿಗೆ ಸೂಚನೆ ಕಳಿಸಿತು. ಒಪ್ಪಿದೆ. ಆದರೆ ಅದು ಪಟ್ಟಿಯೊಳಗಿನ ನ್ಯಾಯ. ಪಟ್ಟಿಗೆ ಬರುವ ಮುಂಚಿನದು? ಕೊಡಲು ಬಂದ ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಿ. ಅತ್ತೆ, ಮಾವ, ಗಂಡ ಎಲ್ಲರೂ ಗೇಟಿನ ಆಚೆ ಇರಲಿ. ಬೇಡ ಅಂದರೆ ‘ಪರೀಕ್ಷೆಯಲ್ಲಿ ಹೊಂದಲಿಲ್ಲ’ ಅಂತಷ್ಟೇ ಮನೆಯವರಿಗೆ ಹೇಳಿ ಕಳಿಸಿ. ಆ ಸುಳ್ಳು ಅವಳ ಜೀವ ಕಾಯುತ್ತದೆ. ಯಾವ ತಾಲ್ಲೂಕಿನಲ್ಲಿ ಎಷ್ಟು ಹೆಂಗಸರು ಕೊಟ್ಟರು, ಎಷ್ಟು ಹೆಂಗಸರು ಪಡೆದರು ಅಂತ ತಾಲ್ಲೂಕು ಆಸ್ಪತ್ರೆಯ ಬೋರ್ಡಿನಲ್ಲಿ ಬರೆಸಿ.

ಆಗಸ್ಟ್ 3 ಬಂದರೆ ಅಂಗಾಂಗ ದಾನದ ದಿನ. ವೇದಿಕೆ ಹಾಕಿ, ಶಾಲು ಹೊದಿಸಿ, ಕೊಟ್ಟ ಮಹಾತಾಯಂದಿರಿಗೆ ಹಾರ ಹಾಕುತ್ತೀರಿ. ಹಾಕಿ, ಬೇಡ ಅನ್ನೆನು. ಅದೇ ವೇದಿಕೆಯಲ್ಲಿ ಇನ್ನೊಂದು ಸಾಲು ಕುರ್ಚಿ ಹಾಕಿಸಿ, ಪಟ್ಟಿಯಲ್ಲಿರುವ ಹೆಂಗಸರ ಗಂಡಂದಿರು, ಅಣ್ಣತಮ್ಮಂದಿರಿಗೆ. ಹಾರ ಬೇಡ, ಮೈಕು ಕೊಡಿ. ತಾವು ಬೇಡ ಅಂದದ್ದು ಹೇಗೆ, ಹಾಗೆ ಅಂದ ಮೇಲೂ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಅಂತ ಮುಂದಿನ ಸಾಲಿನ ಸೊಸೆಯಂದಿರಿಗೆ ಕಲಿಸಿಕೊಡಲಿ. ನಮ್ಮ ಮನೆಯವರನ್ನು ನಾನೇ ಕರೆದುಕೊಂಡು ಬರುತ್ತೇನೆ. ಕಾರ್ಯಕ್ರಮ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಸಿ, ಸಂಜೆಯ ಚೀಲಕ್ಕೆ ನಾನು ಮನೆ ಸೇರಬೇಕು.